ಇಪ್ಪತ್ತೊಂದು ದಿನದ ನೋಟಿಸು

ಮಾವ ಸತ್ತರೆ ಕೋಕೋ ತೋಟ ಸೋದರಳಿಯನಿಗೆ. ಅಳಿಯಕಟ್ಟಿನ ಆ ಊರಲ್ಲಿ ಅದು ಮಕ್ಕಳಿಗೂ ಗೊತ್ತು. ಆದರೆ ಕ್ವಾಬೆನಾನ ಮಾವ ಬೊಆಟೆಂಗ್ ಸಾಯುವ ಮುಂಚೆ ಹಿರಿಯರೆದುರು ತೋಟವನ್ನು ಹೆಂಡತಿ ಅಜೋವಾಗೆ ಕೊಟ್ಟುಬಿಟ್ಟಿದ್ದ. ಕೇಳಲು ಹೋದವನಿಗೆ ಸಾವಿಗೆ ಬಂದ ಜನರ ಮುಂದೆಯೇ ಅತ್ತೆ ಅಂದಿದ್ದಳು: "ನಿಮ್ಮಾವ ಹಾಸಿಗೆ ಹಿಡಿದಾಗ ಒಂದು ಲೋಟ ನೀರು ಕೊಡ್ಲಿಲ್ಲ ನೀನು. ಈಗ ತೋಟ ಬೇಕಾ, ಅಳಿಯಂದ್ರೇ?"

ಜನ ನಕ್ಕರು. ಹೊರಡುವಾಗ ಅವನು ಅವಳ ಗೋಡೆಯಲ್ಲಿದ್ದ ಮಾವನ ಫೋಟೊ ಕಿತ್ತುಕೊಂಡ. "ನಮ್ಮ ಮನೆತನದ ಗಂಡಸು, ನಮ್ಮಲ್ಲೇ ಇರ್ಲಿ." ಆ ನಗು ಮಾತ್ರ ವರ್ಷವಿಡೀ ಅವನ ಹೊಟ್ಟೆ ಉರಿಸಿತು.

ತೋಟ ತನ್ನದೆಂದು ಪಟ್ಟಣದ ಕಚೇರಿಗೆ ಅರ್ಜಿ ಕೊಟ್ಟ. ನಿಯಮ ಒಂದೇ: ಅರ್ಜಿಯ ನೋಟಿಸು ಊರ ನಾಯಕನ ಅರಮನೆ ಗೋಡೆಯಲ್ಲಿ, ಎಲ್ಲರೂ ನೋಡುವಂತೆ, ಇಪ್ಪತ್ತೊಂದು ದಿನ ಇರಬೇಕು. ತಕರಾರು ಬರದಿದ್ದರೆ ತೋಟ ಅರ್ಜಿದಾರನದು. ಕಳ್ಳರು ಹೆದರಲಿ ಎಂದೇ ಮಾಡಿದ ನಿಯಮ. ಕ್ವಾಬೆನಾ ಹೆದರಲಿಲ್ಲ.

ಮಧ್ಯಾಹ್ನ ಊರು ಉಂಡು ಮಲಗಿದ್ದ ಹೊತ್ತಿಗೆ ಗುಮಾಸ್ತ ಬಂದು, ನೋಟಿಸನ್ನು ಪ್ಲಾಸ್ಟಿಕ್ಕಿನೊಳಗಿಟ್ಟು ಮೊಳೆ ಹೊಡೆದು, ಸಾಕ್ಷಿಗೆ ಫೋಟೊ ತೆಗೆದುಕೊಂಡು ಹೋದ. ಅವನು ಅತ್ತ ಹೋಗುತ್ತಲೇ ಕ್ವಾಬೆನಾ ನೋಟಿಸಿನ ಮೇಲೆ ಮಾವನ ವರ್ಷದ ಸ್ಮರಣೆಯ ಪೋಸ್ಟರ್ ಅಂಟಿಸಿದ. ಕಿತ್ತು ತಂದ ಫೋಟೊವನ್ನೇ ಆಳೆತ್ತರ ಮಾಡಿಸಿದ್ದ. ಸತ್ತವರ ಪೋಸ್ಟರಿಗೆ ಅಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಅದು ಬಿಸಿಲಿಗೆ ಬಿಳಿಚಿ ತಾನೇ ಉದುರಬೇಕು.

"ಮಾವನ ಮೇಲೆ ಎಷ್ಟು ಪ್ರೀತಿನಪ್ಪಾ ನಿಂಗೆ" ಅಂದ ನಾಯಕನ ಮುದಿ ವಕ್ತಾರ.

"ಇರಲ್ವಾ ಅಜ್ಜಾ, ಸಾಕಿದ ಕೈ ಅದು."

ದಿನ ಎಣಿಸುತ್ತಾ ಒಂದು ಮಾತು ಅಭ್ಯಾಸ ಮಾಡಿಕೊಂಡ. ಅಜೋವಾಳನ್ನು ತೋಟದಿಂದ ಹೊರಗಟ್ಟುವಾಗ, ಅದೇ ಜನರ ಮುಂದೆ ಕೇಳಬೇಕು: "ನೀರು ಬೇಕಾ, ಅತ್ತೆ?"

ಇಪ್ಪತ್ತನೆಯ ದಿನ ಮಾವನ ವರ್ಷ. ಅರಮನೆಯ ಅಂಗಳ ತುಂಬಿತ್ತು. ವರ್ಷದ ಸೂತಕದ ಕಪ್ಪು ಬಿಟ್ಟು ಬಿಳಿ ಉಟ್ಟ ಅಜೋವಾ ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದು, ಒದ್ದೆ ಬಟ್ಟೆಯಿಂದ ಪೋಸ್ಟರಿನ ಅಂಚು ನೆನೆಸತೊಡಗಿದಳು. "ಅತ್ತೆ, ಸತ್ತವರ ಪೋಸ್ಟರ್ ಮುಟ್ಟಬಾರ್ದು" ಅಂದ ಕ್ವಾಬೆನಾ, ಅಡ್ಡ ಬಂದು. "ಬೇರೆಯವ್ರು ಮುಟ್ಟಬಾರ್ದಪ್ಪ, ನಾನು ಹೆಂಡ್ತಿ. ಮನೇಲಿದ್ದ ಒಂದೇ ಒಂದು ಫೋಟೊನೂ ನೀನು ತಗೊಂಡ್ಹೋದೆ. ನನ್ನ ಗೋಡೆಗೆ ಇದನ್ನಾದ್ರೂ ಹಾಕ್ಕೋತೀನಿ." ಮಾವನ ಮುಖ ಹರಿಯದೆ ಇಡಿಯಾಗಿ ಅವಳ ಕೈಗೆ ಬಂತು. ಹಿಂದೆ, ಪ್ಲಾಸ್ಟಿಕ್ಕಿನೊಳಗೆ ಒಂದು ಹನಿಯೂ ತಾಗದೆ, ಕ್ವಾಬೆನಾನ ಹೆಸರು ದಪ್ಪಕ್ಷರದಲ್ಲಿತ್ತು. ವಕ್ತಾರ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದತೊಡಗಿದ. ತಕರಾರಿಗೆ ಇನ್ನೂ ಒಂದು ದಿನ ಬಾಕಿ ಇತ್ತು.