ದಪ್ಪ ದಿಮ್ಮಿಯ ಗಿರಾಕಿ

“ಸಾರ್, ಒಂದ್ಸಲ ಎತ್ತಿ ನೋಡಿ. ನಿಮ್ಮ ಕೈಗೆ ಹೇಳಿ ಮಾಡಿಸಿದ ಹಾಗಿದೆ,” ಎಂದು ಅಂಗಡಿಯ ಕೊಟ್ರಪ್ಪ ಮರ ಕೊಯ್ಯುವ ಮಷೀನನ್ನು ಕಿಟ್ಟಿಯ ಕಡೆಗೆ ಚಾಚಿದ.

ಕಿಟ್ಟಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ. “ನನಗೆ ಸೌಟು ಹಿಡಿಯೋದು ಬಿಟ್ರೆ ಬೇರೇನೂ ಬರಲ್ಲ ಅಣ್ಣ. ಮಷೀನು ಅವರಿಗೆ.”

“ಮೇಡಂಗಾ?” ಕೊಟ್ರಪ್ಪ ಪಕ್ಕದಲ್ಲಿ ನಿಂತಿದ್ದ ಕಲಾವತಿಯನ್ನು ಒಮ್ಮೆ ನೋಡಿದ. ಆಮೇಲೆ ತಿರುಗಿ ಕಿಟ್ಟಿಯನ್ನೇ ಕೇಳಿದ, “ಮನೆಯವರೇ ನಡೆಸ್ತಾರಾ ಸಾರ್ ಇದನ್ನ?”

ಮನೆಯವರು! ಕಿಟ್ಟಿ ಈಗ ಇಲ್ಲ ಅನ್ನುತ್ತಾನೆ ಎಂದು ಕಲಾವತಿ ಕಾದಳು. ಅವನು ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿದ್ದ ಆಯಿಲ್ ಡಬ್ಬಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. ಇಲ್ಲ ಅನ್ನಲು ಅವಳಿಗೂ ಬಾಯಿತ್ತು. ಆದರೆ ಅವಳು ಅಂದದ್ದು ಇಷ್ಟೇ: “ನಾನೇ ನಡೆಸೋದು. ಇಲ್ಲಿ ಕೊಡಿ.”

ಮೂಡಲಪಾಳ್ಯದಲ್ಲಿ ಕಲಾವತಿಯ ಅಪ್ಪ ಸೋಮಲಿಂಗಪ್ಪ ಸೌದೆ ಡಿಪೋ ಇಟ್ಟಿದ್ದರು. ಅವರು ಹೋದ ಮೇಲೆ ಮಾರಿಬಿಡು ಎಂದವರೇ ಎಲ್ಲ. ಇವಳು ಮಾರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕುಡಿದು, “ಮದುವೆ ಆದ್ಮೇಲೆ ಡಿಪೋ ಗಿಪೋ ಎಲ್ಲ ಇರಲ್ಲ ತಾನೇ?” ಎಂದು ಕೇಳುತ್ತಿದ್ದರು. “ಇರುತ್ತೆ,” ಅನ್ನುತ್ತಿದ್ದಳು. ಹಾಗೆ ಎರಡು ಮೂರು ಸಂಬಂಧ ತಪ್ಪಿಹೋದವು. ಮೂವತ್ತು ದಾಟಿದ ಮೇಲೆ ಬರುವವರೂ ಕಡಿಮೆಯಾದರು. ತಾಯಿ ಅಕ್ಕಯ್ಯಮ್ಮ ಕೊರಗುತ್ತಿದ್ದಳು. ಕಲಾವತಿಗೆ ಕೊರಗಲು ಪುರಸೊತ್ತಿರಲಿಲ್ಲ. ಮಾಗಡಿ ಕಡೆಯಿಂದ ನೀಲಗಿರಿ ಲೋಡ್ ಇಳಿಸಿಕೊಳ್ಳಬೇಕು, ಮಿಲ್ಟ್ರಿ ಹೋಟೆಲಿನವರಿಗೆ ಬೆಳಗ್ಗೆಯೇ ಸೌದೆ ಕಳಿಸಬೇಕು.

ಹೋದ ತಿಂಗಳು ಹಳೆಯ ಮಷೀನು ಮರದ ಗಂಟಿಗೆ ಬಡಿದು ಚಿಮ್ಮಿ, ಅಪ್ಪನ ಕಾಲದಿಂದ ಇದ್ದ ಆಳು ಅಂಜಿನಯ್ಯನ ತೊಡೆ ಸೀಳಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಇನ್ನು ಅವನಿಂದ ಮಷೀನು ಹಿಡಿಸುವುದಿಲ್ಲ, ಹೊಸದು ತಂದು ತಾನೇ ಹಿಡಿಯುತ್ತೇನೆ ಎಂದು ಕಲಾವತಿ ಅಂದೇ ತೀರ್ಮಾನ ಮಾಡಿದ್ದಳು. “ಹೋಗೋದೇ ಆದ್ರೆ ಜೊತೆಗೆ ಒಬ್ಬ ಗಂಡಸನ್ನ ಕರ್ಕೊಂಡು ಹೋಗು. ಮೋಸ ಮಾಡ್ತಾರೆ,” ಎಂದು ಅಕ್ಕಯ್ಯಮ್ಮ ಗೊಣಗುವ ಹೊತ್ತಿಗೆ ಸರಿಯಾಗಿ ಕಿಟ್ಟಿ ಸೌದೆ ಹೇಳಲು ಬಂದಿದ್ದ, ಜೊತೆಗೆ ಹೊರಟಿದ್ದ.

ಕಿಟ್ಟಿ ಎಂದರೆ ಕೃಷ್ಣಮೂರ್ತಿ. ಗೋವಿಂದರಾಜನಗರದವನು, ಬೀಗರೂಟದ ಅಡುಗೆ ಕಂಟ್ರಾಕ್ಟರ್. ಡಿಪೋದಲ್ಲಿ ಹುಣಸೆ ದಿಮ್ಮಿ ಕೇಳುವ ಗಿರಾಕಿ ಅವನೊಬ್ಬನೇ. “ದಪ್ಪಂದೇ ಕೊಡಿ, ಕೆಂಡ ನಿಲ್ಲಬೇಕು” ಎನ್ನುತ್ತಿದ್ದ. ಫೋನಿನಲ್ಲಿ ಹೇಳಿದರೂ ನಡೆಯುತ್ತಿತ್ತು. ಅವನು ಮಾತ್ರ ಪ್ರತಿ ವಾರ ತಾನೇ ಬಂದು ತಕ್ಕಡಿ ಪಕ್ಕದ ಕಲ್ಲಿನ ಮೇಲೆ ಕೂತು, ಒಂದು ಕಾಫಿ ಮುಗಿಯುವವರೆಗೆ ಮಾತಾಡಿ ಹೋಗುತ್ತಿದ್ದ. ಅವನು ಬರುವ ದಿನ ಕಲಾವತಿ ತಲೆಗೆ ಕಟ್ಟಿದ ಟವೆಲ್ ಬಿಚ್ಚಿ, ಕೂದಲಲ್ಲಿದ್ದ ಮರದ ಪುಡಿ ಕೊಡವಿಕೊಳ್ಳುತ್ತಿದ್ದಳು. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು.

ಕೊಟ್ರಪ್ಪ ಕೌಂಟರಿನ ಮೇಲೆ ಎರಡು ಮಷೀನು ಇಟ್ಟ. ಒಂದು ಚಿಕ್ಕದು, ಒಂದು ದೊಡ್ಡದು. ಎರಡೂ ಪೆಟ್ರೋಲಿನವೇ.

ಕಲಾವತಿ ಮೊದಲು ಚಿಕ್ಕದನ್ನು ಎತ್ತಿದಳು. ಎಡಗೈ ಮುಂದಿನ ಹಿಡಿಗೆ, ಬಲಗೈ ಹಿಂದಕ್ಕೆ. ಸೊಂಟದ ಮಟ್ಟಕ್ಕೆ ತಂದು, ಪಕ್ಕಕ್ಕೆ ತಿರುಗಿಸಿ, ದಿಮ್ಮಿಯ ಮೇಲೆ ಬಾಗುವ ಹಾಗೆ ಬಾಗಿ ನೋಡಿದಳು. ತೋಳಿಗೆ ನೋವಾಗಲಿಲ್ಲ.

“ಬ್ರೇಕ್ ತೋರಿಸಿ,” ಎಂದಳು.

ಹಿಡಿಯ ಮುಂದಿದ್ದ ಅಡ್ಡಪಟ್ಟಿಯನ್ನು ಕೊಟ್ರಪ್ಪ ಬೆರಳಿನಿಂದ ಮುಂದಕ್ಕೆ ತಳ್ಳಿದ. ಟಕ್ ಎಂದಿತು. “ಮಷೀನು ಚಿಮ್ಮಿದ್ರೆ ನಿಮ್ಮ ಕೈ ಇದಕ್ಕೆ ತಾಗುತ್ತೆ. ತಾಗಿದ ತಕ್ಷಣ ಚೈನ್ ನಿಂತೋಗುತ್ತೆ ಮೇಡಂ.” ಈಗ ಅವನು ಅವಳ ಮುಖ ನೋಡಿಯೇ ಮಾತಾಡುತ್ತಿದ್ದ. ಕಲಾವತಿ ಅದನ್ನು ಮತ್ತೆ ಮತ್ತೆ ತಳ್ಳಿ, ಎಳೆದು ನೋಡಿದಳು. ಹಳೆಯದರಲ್ಲಿ ಇದೊಂದು ಕೆಲಸ ಮಾಡಿದ್ದರೆ ಅಂಜಿನಯ್ಯ ಇವತ್ತು ಓಡಾಡಿಕೊಂಡಿರುತ್ತಿದ್ದ.

“ಇದು ಚೆನ್ನಾಗಿದೆ,” ಎಂದಳು.

“ಚೆನ್ನಾಗಿದೆ,” ಎಂದ ಕಿಟ್ಟಿ. ಅವನು ಮಷೀನು ನೋಡುತ್ತಿರಲಿಲ್ಲ.

“ಏನು ನೋಡ್ತಿದೀರ?”

“ಬ್ರೇಕು.”

“ಬ್ರೇಕ್ ಇಲ್ಲಿದೆ ಕಿಟ್ಟಿಯವ್ರೆ, ಕೆಳಗೆ.”

ಅವನು ನಕ್ಕು ತಲೆ ತಗ್ಗಿಸಿದ.

ಕಲಾವತಿ ದೊಡ್ಡದನ್ನು ಎತ್ತಿದಳು. ಎತ್ತುವುದೇನೋ ಎತ್ತಿದಳು. ಪಕ್ಕಕ್ಕೆ ತಿರುಗಿಸುವಾಗ ಭುಜ ಜಗ್ಗಿತು, ಕೈ ಸಣ್ಣಗೆ ನಡುಗಿತು. ಇಡೀ ದಿನ ಇದನ್ನು ಹಿಡಿದರೆ ಸಂಜೆಗೆ ಅನ್ನ ಕಲಸಲೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

“ನಿಮಗೆ ಚಿಕ್ಕದೇ ಸರಿ ಮೇಡಂ. ನೀಲಗಿರಿ, ಸರ್ವೆ ಮರಕ್ಕೆಲ್ಲ ಧಾರಾಳ ಸಾಕು,” ಎಂದ ಕೊಟ್ರಪ್ಪ.

“ಹುಣಸೆ ದಿಮ್ಮಿ? ಈ ದಪ್ಪದ್ದು?” ಅವಳು ಎರಡೂ ತೋಳು ಬಳಸಿ ತೋರಿಸಿದಳು.

“ಅದಕ್ಕೆ ದೊಡ್ಡದೇ ಬೇಕಾಗುತ್ತೆ. ಚಿಕ್ಕದು ದಿನಾ ಅಷ್ಟು ತಡ್ಕೊಳ್ಳಲ್ಲ.”

“ಹಾಗಾದ್ರೆ ದೊಡ್ಡದೇ ಕೊಡಿ. ಪ್ರತಿ ವಾರ ತಪ್ಪದೆ ಬರೋ ಗಿರಾಕಿ ಇದಾರೆ, ಬಿಡೋಕಾಗಲ್ಲ.” ಕಿಟ್ಟಿಯನ್ನು ನೋಡಿ ನಕ್ಕಳು.

ಕಿಟ್ಟಿ ನಗಲಿಲ್ಲ. ಕೊಟ್ರಪ್ಪ ಬಿಲ್ ಬರೆಯಲು ಪೆನ್ನು ಹುಡುಕುತ್ತಿದ್ದಾಗ ಮುಂದೆ ಬಂದು ದೊಡ್ಡ ಮಷೀನಿನ ಮೇಲೆ ಕೈಯಿಟ್ಟ.

“ಇದು ಬೇಡ ಕಲಾವತಿಯವ್ರೆ.”

“ಯಾಕೆ?”

“ನನಗೆ ಸೌದೆ ಬೇಡ.”

“ಈ ವಾರನಾ?”

“ಇನ್ಮೇಲೆ ಬೇಡ. ನಿಜ ಹೇಳಬೇಕು ಅಂದ್ರೆ, ಹೋದ ದೀಪಾವಳಿಯಿಂದಲೇ ಬೇಡವಾಗಿತ್ತು. ಛತ್ರದವರು ಹೊಗೆಗೆ ಒಪ್ಪಲ್ಲ, ಪಕ್ಕದ ಮನೆಯವರೂ ಜಗಳಕ್ಕೆ ಬರ್ತಿದ್ರು. ಎಲ್ಲ ಗ್ಯಾಸ್ ಮಾಡ್ಕೊಂಡೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. “ಮತ್ತೆ ವಾರವಾರ ತಗೋತಿದ್ದಿದ್ದು?”

ಕಿಟ್ಟಿ ಬಾಯಿ ತೆರೆದ. ಕೊಟ್ರಪ್ಪನೂ ಪೆನ್ನು ಹಿಡಿದು ಕಾಯುತ್ತಿದ್ದ. ಅವನ ಮುಖ ಕಂಡು ಕಿಟ್ಟಿ ಬಾಯಿ ಮುಚ್ಚಿಕೊಂಡ. ಅದಕ್ಕೆ ಕಲಾವತಿ ತನಗೆ ತೋಚಿದ ಅರ್ಥ ಕೊಟ್ಟುಕೊಂಡಳು. ಅಪ್ಪ ಇಲ್ಲದ ಹುಡುಗಿ, ಒಬ್ಬಳೇ ಡಿಪೋ ನಡೆಸುತ್ತಾಳೆ, ಪಾಪ.

“ನಾನು ವ್ಯಾಪಾರಕ್ಕೆ ಕೂತಿರೋದು ಕಿಟ್ಟಿಯವ್ರೆ,” ಎಂದಳು. ದನಿ ಏರಲಿಲ್ಲ. “ಕನಿಕರಕ್ಕೆ ಕೈ ಚಾಚೋಕಲ್ಲ.”

ಎರಡೂ ಮಷೀನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದಳು. ಹಿಂದಿನಿಂದ ಅವನು ಕರೆದದ್ದು ಕೇಳಿಸಿತು. ತಿರುಗಲಿಲ್ಲ.

ಮರುದಿನ ಹಣ್ಣು ತಗೊಂಡು ಅಂಜಿನಯ್ಯನನ್ನು ನೋಡಲು ಹೋದಳು. ಅವನು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ಮಷೀನು ತಂದ್ಯಾ ಅವ್ವ ಎಂದು ಕೇಳಿದ. ಇಲ್ಲ ಎಂದಳು. ಯಾಕೆ ಎಂದ. ಮುಚ್ಚಿಡಲಾಗದೆ ನಡೆದದ್ದೆಲ್ಲ ಹೇಳಿಬಿಟ್ಟಳು.

ಅಂಜಿನಯ್ಯ ನಗಲು ಶುರು ಮಾಡಿದ. ನಕ್ಕರೆ ಹೊಲಿಗೆ ಹಾಕಿದ ಜಾಗ ಎಳೆಯುತ್ತದೆಂದು ತೊಡೆ ಹಿಡಿದುಕೊಂಡು ನಕ್ಕ.

“ನಿನಗೆ ಗೊತ್ತಿತ್ತಾ?”

“ಅವನ ಹಿತ್ತಲಿಗೆ ಗಾಡಿ ತಗೊಂಡೋಗಿ ಇಳಿಸ್ತಿದ್ದೋನು ನಾನೇ ಅಲ್ವೇನವ್ವ? ಒಂದು ದಿಮ್ಮಿನೂ ಅಲ್ಲಾಡಿಲ್ಲ. ಕೊನೇ ಸಲ ಹೋದಾಗ ಇಳಿಸೋಕೂ ಜಾಗ ಇರಲಿಲ್ಲ.”

“ನನಗ್ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ಅವನು ಬರೋ ದಿನ ನೀನು ಟವೆಲ್ ಬಿಚ್ಚಿ ತಲೆ ಕೊಡವೋದೂ ನೋಡಿದೀನಿ ನಾನು. ಎರಡನ್ನೂ ಹೇಳಬೇಕಾಗ್ತಿತ್ತು.”

ಕಲಾವತಿ ಕಿತ್ತಲೆಯೊಂದನ್ನು ತೆಗೆದು ಸುಲಿಯತೊಡಗಿದಳು. ಸುಲಿದು, ಒಂದು ತೊಳೆಯನ್ನೂ ಅವನಿಗೆ ಕೊಡದೆ ಎದ್ದು ಹೊರಟಳು.

ಗೋವಿಂದರಾಜನಗರದ ಆ ಮನೆಗೆ ಅವಳು ಹೋದದ್ದು ಅದೇ ಮೊದಲು. ಬಾಗಿಲಲ್ಲಿ ಕಿಟ್ಟಿಯ ತಾಯಿ ಲಕ್ಷ್ಮವ್ವ ಕೂತು ಅವರೆಕಾಳು ಹಿಚುಕುತ್ತಿದ್ದಳು. ಇವಳು ಹೆಸರು ಹೇಳುವ ಮೊದಲೇ ಕಣ್ಣು ಕಿರಿದು ಮಾಡಿದಳು.

“ಸೌದೆ ಡಿಪೋದವಳಾ?”

“ಹೌದಮ್ಮ.”

“ಬಾ ತಾಯಿ, ಬಾ. ನಿನ್ನ ಸೌದೆ ದೆಸೆಯಿಂದ ಬಟ್ಟೆ ಒಣಗಿ ಹಾಕೋಕೆ ಜಾಗ ಇಲ್ಲ. ನಡಿ, ನೀನೇ ನೋಡು.”

ಹಿತ್ತಲಲ್ಲಿ ಕಾಂಪೌಂಡಿನ ಮೂರೂ ಕಡೆ, ಎದೆ ಮಟ್ಟದವರೆಗೆ ಅವಳ ದಿಮ್ಮಿಗಳೇ. ಮಳೆಗೆ ನೆನೆಯದಂತೆ ಒಂದು ಕಡೆ ಟಾರ್ಪಾಲು ಹೊದಿಸಿತ್ತು. ಇನ್ನೊಂದು ಕಡೆ ಹೀರೆಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಮೂರನೇ ಸಾಲಿನ ಮೇಲೆ ಲಕ್ಷ್ಮವ್ವ ಮೊರ ಇಟ್ಟು ಸಂಡಿಗೆ ಒಣಗಿಸಿದ್ದಳು. ತಗಡಿನ ಶೀಟಿನ ಕೆಳಗೆ ಗ್ಯಾಸ್ ಒಲೆಗಳು ಭುಸುಗುಟ್ಟುತ್ತಿದ್ದವು. ಅವುಗಳ ಪಕ್ಕ ಮಣೆಯ ಮುಂದೆ ಕಿಟ್ಟಿ.

ಅವಳನ್ನು ಕಂಡು ಎದ್ದು ನಿಂತ. ಕಣ್ಣು ಒದ್ದೆಯಾಗಿತ್ತು.

“ಅಳ್ತಿದೀರಾ?”

“ಈರುಳ್ಳಿ.”

“ನೀವು ಹೆಚ್ತಿರೋದು ಶುಂಠಿ.”

ಕಿಟ್ಟಿ ಮಣೆಯ ಕಡೆ ನೋಡಿದ, ಶುಂಠಿಯೇ ಇತ್ತು. ಲಕ್ಷ್ಮವ್ವ ಮೊರ ಎತ್ತಿಕೊಂಡು, “ಸಂಡಿಗೆ ಒಣಗಿದೆ,” ಎಂದು ಒಳಗೆ ಹೋದಳು. ಸಂಡಿಗೆ ಹಸಿಯಾಗಿಯೇ ಇತ್ತು.

“ಹೇಳಿ,” ಎಂದಳು ಕಲಾವತಿ. “ನಿನ್ನೆ ಅಂಗಡಿಯಲ್ಲಿ ಬಾಯಿ ತೆರೆದು ಮುಚ್ಚಿದ್ರಲ್ಲ. ಅದೇನು ಅಂತ ಹೇಳಿ.”

ಅವನು ಪಂಚೆಗೆ ಕೈ ಒರೆಸಿಕೊಂಡ. “ಕನಿಕರ ಅಂದ್ರಿ. ಕನಿಕರ ಆಗಿದ್ರೆ ಫೋನಲ್ಲೇ ಹೇಳಿ ತರಿಸ್ತಿದ್ದೆ ರೀ. ನಾನೇ ಬರ್ತಿರಲಿಲ್ಲ.”

ಅವಳು ಹತ್ತಿರದ ದಿಮ್ಮಿಯೊಂದರ ಮೇಲೆ ಕೈಯಿಟ್ಟಳು.

“ಗ್ಯಾಸ್ ಬಂದ ದಿನ ನಿಮಗೆ ಹೇಳೋಕೆ ಅಂತಲೇ ಡಿಪೋಗೆ ಬಂದೆ. ನೀವು ಕಾಫಿ ಕೊಟ್ರಿ. ಸೌದೆ ಬೇಡ ಅಂದ್ರೆ ಮುಂದಿನ ವಾರ ಯಾಕೆ ಬರ್ತೀಯ ಅಂತ ನನ್ನನ್ನ ನಾನೇ ಕೇಳ್ಕೊಂಡೆ. ಉತ್ತರ ಗೊತ್ತಿತ್ತು. ಹೇಳೋಕೆ ಧೈರ್ಯ ಇರಲಿಲ್ಲ. ಇನ್ನಷ್ಟು ದಿಮ್ಮಿ ಹೇಳಿ ಬಂದೆ.” ಅವನು ರಾಶಿಯ ಕಡೆ ನೋಡಿದ. “ನಿನ್ನೆನೂ ಹೇಳ್ತಿರಲಿಲ್ಲ. ಆದರೆ ಆ ದೊಡ್ಡದನ್ನ ಎತ್ತಿದಾಗ ನಿಮ್ಮ ಕೈ ನಡುಗ್ತು. ನನ್ನ ಸುಳ್ಳನ್ನ ನೀವು ದಿನಾ ಹೊರಬೇಕಾ ಅನ್ನಿಸ್ತು.”

ಹೀರೆಬಳ್ಳಿಯ ಹೂವಿನ ಮೇಲೆ ದುಂಬಿಯೊಂದು ಕೂತು ಎದ್ದು ಮಾಡುತ್ತಿತ್ತು. ಕಲಾವತಿ ಅದನ್ನೇ ನೋಡುತ್ತ ಕೇಳಿದಳು, “ನಾನು ಡಿಪೋ ಬಿಡಲ್ಲ. ಗೊತ್ತು ತಾನೇ?”

“ಬಿಡಿ ಅಂದವರು ಯಾರು?”

“ಎಲ್ಲರೂ ಅಂದಿದಾರೆ.”

“ಮಷೀನು ಆರಿಸೋಕೆ ಜೊತೆಗೆ ಬಂದೋನು ಡಿಪೋ ಬಿಡಿ ಅಂತಾನಾ? ನನಗೆ ಬೇಕಾಗಿರೋದು ನೀವು. ಬರಿ ನೀವಲ್ಲ, ಮರದ ಪುಡಿ ಮೆತ್ತಿಕೊಂಡಿರೋ ನೀವು.”

ಹೇಳಿದ ಮೇಲೆ ತಾನೇ ಗಾಬರಿಯಾಗಿ ಚಾಕು ತಗೊಂಡ, ಇಟ್ಟ, ಮತ್ತೆ ತಗೊಂಡ. ಅಷ್ಟು ದೊಡ್ಡ ಆಳು ಒಂದು ಶುಂಠಿ ತುಂಡಿನ ಮುಂದೆ ಹಾಗೆ ತಡಬಡಾಯಿಸುವುದನ್ನು ಕಂಡು ಕಲಾವತಿಯ ನಿನ್ನೆಯ ಸಿಟ್ಟು ಇಳಿಯಿತು. ಮೊದಲು ತುಟಿಯಲ್ಲಿ, ಆಮೇಲೆ ಕಣ್ಣಲ್ಲಿ ನಗು ಬಂತು. ಅವನು ತಲೆಯೆತ್ತಿ ಅದನ್ನು ನೋಡಿದ. ಇಬ್ಬರೂ ತುಸು ಹೊತ್ತು ಬೇರೆ ಕಡೆ ನೋಡಲಿಲ್ಲ.

ಆ ವಾರವೇ ಕಲಾವತಿ ಚಿಕ್ಕ ಮಷೀನು ತಂದಳು. ಒಬ್ಬಳೇ ಹೋಗಿದ್ದಳು. “ಯಜಮಾನರು ಬರಲಿಲ್ಲವಾ ಮೇಡಂ?” ಎಂದು ಕೊಟ್ರಪ್ಪ ಕೇಳಿದ. “ಅಡುಗೆ ಮಾಡ್ತಿದಾರೆ,” ಎಂದಳು. ಅಂಜಿನಯ್ಯ ಕುರ್ಚಿ ಹಾಕಿಸಿಕೊಂಡು ಕೂತು, ಹೇಗೆ ಹಿಡಿಯಬೇಕು, ಕಾಲು ಎಲ್ಲಿಡಬೇಕು ಎಂದು ಕೂಗಿ ಕೂಗಿ ಹೇಳಿಕೊಟ್ಟ. ಅಕ್ಕಯ್ಯಮ್ಮ ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡು ನೋಡಿದಳು. ಮೊದಲ ನೀಲಗಿರಿ ದಿಮ್ಮಿ ಎರಡಾಗಿ ಬಿದ್ದಾಗ ಬ್ರೇಕ್ ಹಾಕಿ ಮಷೀನು ಕೆಳಗಿಟ್ಟು ತಿರುಗಿದರೆ, ಗೇಟಿನ ಹತ್ತಿರ ಕಿಟ್ಟಿ ನಿಂತಿದ್ದ.

“ಏನು ಬೇಕಾಗಿತ್ತು?” ಎಂದಳು, ಗಿರಾಕಿಗಳನ್ನು ಕೇಳುವ ದನಿಯಲ್ಲೇ.

“ಏನೂ ಬೇಡ,” ಎಂದ ಕಿಟ್ಟಿ. “ಸುಮ್ಮನೆ ಬಂದೆ.”

“ಹಾಗಾದ್ರೆ ಒಳಗೆ ಬಾ,” ಎಂದಳು ಕಲಾವತಿ.