ಲಿವರ್ ತಿರುವಿದ ಕೈ

"ಅಕ್ಕಾ, ನಮ್ಮನೇಲಿ ಯಾರೋ ನನ್ನ ಕೊಲ್ಲಕ್ಕೆ ನೋಡ್ತಿದಾರೆ," ಎಂದಳು ನರ್ಸಮ್ಮ. ಅವಳಿನ್ನೂ ಹೊಸ್ತಿಲನ್ನೂ ದಾಟಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಅಕ್ಕನ ತಮ್ಮನಿಗೆ, ಔಷಧಿ ಅಂಗಡಿ ನಡೆಸುವವನಿಗೆ, ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುವ ಪುಕ್ಕಲ ಅವನು. ಆದರೂ ಬೀದಿಯವರೆಲ್ಲ ಪತ್ತೇದಾರಕ್ಕ ಎಂದು ಕರೆಯುತ್ತಿದ್ದ ತನ್ನ ಅಕ್ಕನ ಬೆನ್ನು ಮಾತ್ರ ಒಮ್ಮೆಯೂ ಬಿಟ್ಟವನಲ್ಲ.

"ಕೂತ್ಕೊಂಡು ಮೊದಲಿಂದ ಹೇಳು," ಎಂದಳು ಅಕ್ಕ.

ಆಸ್ಪತ್ರೆಯ ದಣಿವು ಮರೆಯಲು ನರ್ಸಮ್ಮ ರಜೆಯಲ್ಲಿ ಸೈಕಲ್ ತುಳಿಯಬೇಕೆಂದು ಆಸೆಪಟ್ಟಿದ್ದಳು. ಗಂಡನನ್ನೂ ಎಳೆದುಕೊಂಡು ಅಂಗಡಿಗೆ ಹೋಗಿ, ಬೆನ್ನು ಬಗ್ಗಿಸುವ ರೇಸ್ ಸೈಕಲ್ ಬೇಡವೆಂದು ನೆಟ್ಟಗೆ ಕೂತು ಹೋಗುವಂಥದ್ದನ್ನು ಆರಿಸಿದ್ದಳು. ಗಂಡ ಗೊಣಗುತ್ತಲೇ ಅವಳ ತಲೆಗೆ ಒಂದಾದ ಮೇಲೊಂದು ಹೆಲ್ಮೆಟ್ ಹಾಕಿಸಿ ನೋಡಿ, ಅಲುಗಾಡದ್ದನ್ನು ತೆಗೆಸಿಕೊಟ್ಟಿದ್ದ. ಮುಂದಿನ ಚಕ್ರವನ್ನು ಸೈಕಲ್ಲಿಗೆ ಹಿಡಿದಿಡುವ ಪುಟ್ಟ ಹಿಡಿಯನ್ನು, ಅಂದರೆ ಲಿವರನ್ನು, ಮಡಚಿ ಬಿಗಿಯುವುದು ಹೇಗೆಂದು ಅಂಗಡಿಯವನು ಇಬ್ಬರ ಕೈಯಲ್ಲೂ ಮಾಡಿಸಿದ್ದ. "ಅಂಗೈಲಿ ಗುರುತು ಬೀಳೋವಷ್ಟು ಒತ್ತಬೇಕು ಮೇಡಂ" ಎಂದಿದ್ದ.

"ಹೋದ ವಾರ ಇಳಿಜಾರಲ್ಲಿ ಚಕ್ರ ಓರೆಯಾಗಿ ಬಿದ್ದೆ ಅಕ್ಕಾ. ಹೆಲ್ಮೆಟ್ ಸೀಳಿಹೋಯ್ತು, ತಲೆ ಉಳೀತು. ನೋಡಿದ್ರೆ ಲಿವರ್ ಬಿಚ್ಚಿತ್ತು. ನಾನೇ ಮರೆತಿರಬೇಕು ಅಂತ ಮತ್ತೆ ಬಿಗಿದಿಟ್ಟೆ. ಇವತ್ತು ಬೆಳಗ್ಗೆ ಮತ್ತೆ ಬಿಚ್ಚಿದೆ! ಸೈಕಲ್ ಬೀಗ ಹಾಕಿದ ಮನೆಯೊಳಗೇ ಇತ್ತು. ಒಳಗಿದ್ದೋರು ನನ್ನ ಗಂಡ, ನಮ್ಮತ್ತೆ. ಇಬ್ಬರಿಗೂ ಆ ಸೈಕಲ್ ಕಂಡ್ರೆ ಆಗಲ್ಲ. ಪೆಟ್ಟಿಗೆ ಕಟ್ಟಿಟ್ಟಿದೀನಿ. ಇನ್ನು ಆ ಮನೇಲಿ ಕಣ್ಣು ಮುಚ್ಚಿ ಮಲಗೋ ಧೈರ್ಯ ನನಗಿಲ್ಲ."

ಅಕ್ಕ ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದಳು. ಅದನ್ನು ನೋಡಿ ತಮ್ಮನೂ ಲೋಟ ಕೆಳಗಿಟ್ಟು ಹಿಂದೆ ಹೊರಟ.

ಅವಳ ಮನೆಯ ಪಡಸಾಲೆಯಲ್ಲಿ ಸೈಕಲ್ ನಿಂತಿತ್ತು. ಅಕ್ಕ ಬಗ್ಗಿ, ಹೊರಚಾಚಿದ್ದ ಲಿವರ್ ತಿರುಪಿನಂತೆ ಇನ್ನೂ ಬಿಗಿಯಾಗಿ ತಿರುಗುತ್ತದೆಯೇ ಎಂದು ನೋಡಿದಳು. ಕೂದಲೆಳೆಯಷ್ಟೂ ಜಗ್ಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಗುಡುಗಿದರು. "ಆ ಅನಿಷ್ಟಾನ ನಾನು ಮುಟ್ಟೋದೂ ಇಲ್ಲ. ಬಿದ್ದು ಸಾಯ್ತೀಯ ಅಂತ ತಂದ ದಿನಾನೇ ಹೇಳಿದ್ದೆ!"

ತಮ್ಮ ಎರಡು ಹೆಜ್ಜೆ ಹಿಂದೆ ಸರಿದ. ನೀರು ಹುಡುಕಿಕೊಂಡು ಅಡುಗೆಮನೆಯೊಳಗೆ ಹೋದರೆ, ನಲ್ಲಿ ಬಿಚ್ಚಲು ಎರಡು ಕೈಯೂ ಬೇಕಾದವು. ಹಿಂದೆಯೇ ಬಂದ ಅಕ್ಕ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸಿದಳು. ಅದೂ ಬರಲಿಲ್ಲ.

"ಅಡುಗೆಮನೆ ಯಾರದು?" ಎಂದು ಕೇಳಿದಳು.

"ಅತ್ತೇದೇ. ಬೇರೆಯವರ ಕೈ ಅವರಿಗೆ ಆಗಿಬರಲ್ಲ," ಎಂದಳು ನರ್ಸಮ್ಮ.

ಅಕ್ಕ ಎಲ್ಲರನ್ನೂ ಪಡಸಾಲೆಗೆ ಕರೆದಳು. ಗಂಡ ಬೆವೆತು ನೀರಾಗಿದ್ದ. "ಆಣೆ ಮಾಡಿ ಹೇಳ್ತೀನಿ, ನಾನಲ್ಲ," ಎಂದ.

"ನೀನಲ್ಲಪ್ಪ. ಕೊಲ್ಲೋನು ಲಿವರ್ ಬಿಚ್ಚಿ ಸಡಿಲ ಬಿಡ್ತಾನೆ. ಈ ಕೈ ಬಿಚ್ಚಿದ ಮೇಲೆ ಜಗ್ಗದಷ್ಟು ತಿರುವಿದೆ. ಅಂದ್ರೆ ಬಿಗಿ ಮಾಡಕ್ಕೆ ಹೋಗಿದೆ. ಆದ್ರೆ ಇದು ನಲ್ಲಿ ಅಲ್ಲ. ಎಷ್ಟು ತಿರುವಿದ್ರೂ ಮಡಚದಿದ್ರೆ ಹಿಡಿತ ಇಲ್ಲ, ಇಳಿಜಾರಲ್ಲಿ ಸಡಿಲ ಆಗೇ ಆಗುತ್ತೆ. ಗಂಡ ಹೆಂಡ್ತಿ ಇಬ್ಬರೂ ಅದನ್ನ ಅಂಗಡೀಲೇ ಕಲಿತಿದ್ರಿ. ಕಲೀದೆ ಉಳಿದೋರು ಒಬ್ಬರೇ. ಈ ಮನೇಲಿ ನಲ್ಲಿ, ಡಬ್ಬಿ ಎಲ್ಲಾನೂ ಉಸಿರುಗಟ್ಟೋ ಹಾಗೆ ಬಿಗಿಯೋರೂ ಒಬ್ಬರೇ."

ಅತ್ತೆ ಗೋಡೆ ಹಿಡಿದು ಕೂತರು. ಗುಡುಗಿನ ದನಿ ಎಲ್ಲೋ ಅಡಗಿಹೋಗಿತ್ತು.

"ಚಕ್ರ ಕಳಚಿಕೊಂಡ್ರೆ ಗತಿಯೇನು ಅಂತ ನಂಗೆ ನಿದ್ದೆನೇ ಇಲ್ಲ. ತಿರುಪಿನ ಥರ ಅದೊಂದು ಕೈಗೆ ಸಿಕ್ತು, ಎತ್ತಿ ತಿರುವಿ ಬಿಗಿ ಮಾಡ್ದೆ. ಅವಳು ಬಿದ್ದ ಮೇಲೆ ಇನ್ನೂ ಗಟ್ಟಿಯಾಗಿ ತಿರುವಿದೆ..."

"ಮತ್ತೆ ಮುಟ್ಟಿಲ್ಲ ಅಂದಿದ್ಯಾಕಮ್ಮ?" ಎಂದ ತಮ್ಮ, ಸ್ವಲ್ಪ ಧೈರ್ಯ ಬಂದು.

"ಅಷ್ಟು ಬೈದಮೇಲೆ, ಭಯ ಆಗುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅತ್ತೆ ಸೊಸೆಯ ಕಡೆ ತಿರುಗಿದರು. "ಬಿದ್ದು ಸಾಯ್ತೀಯ ಅಂದೆ ಕಣೇ. ಸಾಯಿ ಅನ್ಲಿಲ್ಲ."

ಗಂಡ ಬಗ್ಗಿ, ಲಿವರ್ ಮಡಚಲು ಬರುವಷ್ಟು ತಿರುಪನ್ನು ತುಸು ಸಡಿಲಿಸಿದ. ನರ್ಸಮ್ಮ ಅತ್ತೆಯ ಕೈ ಹಿಡಿದು ಲಿವರಿನ ಮೇಲಿಟ್ಟಳು.

"ಮಡಚಿ ಅತ್ತೆ. ಇನ್ನೂ ಒತ್ತಿ."

ಅತ್ತೆ ಹಲ್ಲುಕಚ್ಚಿ ಒತ್ತಿದರು. ಲಿವರ್ ಮಡಚಿಕೊಂಡು ಕೂತಿತು. ಅವರ ಅಂಗೈಯಲ್ಲಿ ಕೆಂಪನೆಯ ಗೆರೆಯೊಂದು ಮೂಡಿತ್ತು. ಅದನ್ನು ಸೊಸೆಯ ಮುಂದೆ ಹಿಡಿದರು.

"ಇಷ್ಟು ಸಾಕೇನೇ?"

ನರ್ಸಮ್ಮ ಆ ಗೆರೆಯನ್ನು ಹೆಬ್ಬೆರಳಿನಿಂದ ಸವರಿದಳು. "ಸಾಕು. ನಾಳೆ ಹೊಸ ಹೆಲ್ಮೆಟ್ ಆರಿಸಕ್ಕೆ ನೀವೂ ಬನ್ನಿ."

"ಬರ್ತೀನಿ. ನೀನು ಇಳಿಜಾರಿಗೆ ಮಾತ್ರ ಹೋಗಬೇಡ," ಎಂದರು ಅತ್ತೆ.