ಒಂದೇ ಸಮನಾದ ದನಿ

2025ರ ಫೆಬ್ರವರಿ 12, ಬುಧವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ.

ಕಿವಿ ಪರೀಕ್ಷೆಯ ಕೋಣೆಯಿಂದ ಹೊರಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಎದುರಿನ ಕುರ್ಚಿಯಲ್ಲಿ ಅವಳ ಗಂಡ!

ಎರಡು ತಿಂಗಳ ಹಿಂದೆ ಅಮ್ಮನ ಆರೈಕೆಗೆಂದು ಹೋದವನು ಮನೆಗೆ ಮರಳಿರಲೇ ಇಲ್ಲ.

"ನೀವು... ಇಲ್ಲಿ?"

"ನಿನ್ನ ತಂಗಿ ಫೋನ್ ಮಾಡಿದ್ಲು. ಕಿವಿ ಕೇಳಿಸ್ತಿಲ್ವಂತೆ?"

ಹಿಂದೆಯೇ ಬಂದ ಡಾಕ್ಟರಮ್ಮ ನಕ್ಕಳು. "ಏನೂ ಆಗಿಲ್ಲ ಸಾರ್. ಇವರಿಗೆ ನನಗಿಂತ ಚೆನ್ನಾಗಿ ಕೇಳಿಸುತ್ತೆ!"

ಅವಳ ಮುಖ ಇಳಿದುಹೋಯಿತು. 'ಕಿವುಡಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು... ಒಂದು ಕಾರಣವಾದರೂ ಸಿಗುತ್ತಿತ್ತು.'

"ಹಾಗಾದ್ರೆ ಕೇಳಿಸಿತ್ತು," ಎಂದ ಗಂಡ. "ಅಮ್ಮನ ಆಪರೇಷನ್ ಇದೆ, ಬಾ ಅಂತ ಊಟಕ್ಕೆ ಕೂತಾಗೆಲ್ಲ ಹೇಳಿದೆ. 'ಹ್ಞೂಂ' ಅಂದೆ. ಆಸ್ಪತ್ರೆಯಲ್ಲಿ ಒಬ್ಬನೇ ಕೂತಿದ್ದೆ ಕಣೇ..."

"ಆಣೆ ಮಾಡಿ ಹೇಳ್ತೀನಿ ರೀ, ಕೇಳಿಸಲಿಲ್ಲ!"

ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದು ಕೂರಿಸಿದಳು. "ಮೇಡಂ, ನಿಮ್ಮ ಕೆಲಸ?"

"ಪಂಪ್ ಕಾರ್ಖಾನೆ. ಪರೀಕ್ಷಾ ವಿಭಾಗದ ಮುಖ್ಯಸ್ಥೆ. ಹತ್ತಾರು ಪಂಪ್ ಒಟ್ಟಿಗೆ ಓಡ್ತಿರುತ್ತೆ. ಒಂದೇ ಸಮ ಬರೋ ಸದ್ದನ್ನ ಬಿಟ್ಟುಬಿಡ್ಬೇಕು, ಸ್ವರ ತಪ್ಪಿದ್ದನ್ನ ಮಾತ್ರ ಹಿಡೀಬೇಕು. ಹೊಸಬರಿಗೆ ನಾನೇ ಕಲಿಸೋದು."

"ಸಾರ್, ನಿಮ್ಮದು?"

"ಲೈಬ್ರರಿ," ಎಂದ ಅವನು, ಏರಿಳಿತವಿಲ್ಲದ ತಗ್ಗಿದ ದನಿಯಲ್ಲಿ.

ಅವಳು ಥಟ್ಟನೆ ಅವನ ಕಡೆ ತಿರುಗಿದಳು. ಸಿಟ್ಟಿನಲ್ಲೂ ಏರದ ದನಿ! ಅದಕ್ಕೇ ಮನಸೋತು ಮದುವೆಯಾಗಿದ್ದಳು...

"ರೀ... ನಿಮ್ಮನ್ನ ಪಂಪ್‌ಗಳ ಲೆಕ್ಕಕ್ಕೆ ಸೇರಿಸಿಬಿಟ್ಟೆ."

"ಒಳ್ಳೇ ಪಂಪೋ, ಕೆಟ್ಟದ್ದೋ?"

"ಒಳ್ಳೇದು. ಕೆಟ್ಟದ್ದಾಗಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು." ನಗಲು ಹೋಗಿ ಅತ್ತುಬಿಟ್ಟಳು.

ಕಣ್ಣೊರೆಸಿಕೊಂಡು ಹೇಳಿದಳು, "ಜನರಲ್ ಮ್ಯಾನೇಜರ್ ಆಗು ಅಂತಿದ್ದಾರೆ. ಬೇಡ ಅಂತ ಇವತ್ತೇ ಹೇಳ್ತೀನಿ. ರಜೆ ಕೇಳ್ತೀನಿ."

"ನನಗೋಸ್ಕರ ಬಿಡಬೇಡ ಮಹರಾಯ್ತಿ! ಆಮೇಲೆ ಜೀವನಪೂರ್ತಿ ಹಂಗಿಸ್ತೀಯ."

"ನಿಮಗೋಸ್ಕರ ಅಲ್ಲ. ಮೊದಲೆಲ್ಲ ಕೆಟ್ಟ ಪಂಪ್ ಹಿಡಿದ್ರೆ ಎಷ್ಟು ಖುಷಿಯಾಗ್ತಿತ್ತು! ಈಗ ಹಿಡೀತೀನಿ, ಏನೂ ಅನಿಸಲ್ಲ. ನಲವತ್ತೇಳಕ್ಕೇ ಹೀಗೆ ಬತ್ತಿಹೋದ್ರೆ ಹೇಗೆ? ಮುಂದೆ ಏನು ಮಾಡ್ಬೇಕೋ ಗೊತ್ತಿಲ್ಲ ರೀ. ಹೀಗಂತೂ ಬೇಡ."

ಆಮೇಲೆ ತಲೆ ತಗ್ಗಿಸಿ ಕೇಳಿದಳು, "ಅತ್ತೆ ಹೇಗಿದ್ದಾರೆ? ಅವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ..."

"ಓಡಾಡ್ತಿದ್ದಾಳೆ. 'ಇಷ್ಟು ದಿನ ಮುನಿಸಿಕೊಳ್ಳೋಕೆ ನೀನೇನು ಹೊಸ ಅಳಿಯನಾ, ಹೋಗು' ಅಂತ ನನಗೇ ಬೈತಾಳೆ."

ಡಾಕ್ಟರಮ್ಮ ನಗು ತಡೆದುಕೊಂಡು ಮೆಲ್ಲಗೆ ಹೊರಗೆ ಹೋಗಿ ಬಾಗಿಲು ಮುಚ್ಚಿದಳು. ಹೊರಗಿನ ಸದ್ದೆಲ್ಲ ನಿಂತುಹೋಯಿತು.

ಅವನು ದನಿ ಏರಿಸಲಿಲ್ಲ. ಇನ್ನೂ ತಗ್ಗಿಸಿದ.

"ಮನೆಗೆ ಬರ್ಲಾ?"

ಅವಳು ಕಣ್ಣು ಮುಚ್ಚಿಕೊಂಡಳು. "ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ."

ಅವನು ಮತ್ತೆ ಹೇಳಿದ. ಡಾಕ್ಟರಮ್ಮ ಮೇಜಿನ ಮೇಲೆ ಆರಿಸದೆ ಬಿಟ್ಟುಹೋಗಿದ್ದ ಮಾಪಕ ಆ ಮಾತಿನ ಸದ್ದನ್ನು ಅಳೆಯಿತು: 32 ಡೆಸಿಬೆಲ್, ಬರೀ ಪಿಸುಮಾತಿನಷ್ಟು.